ಎಣ್ಣೆರಾಯರ ತೂಗುಮಣೆ

“ಸಂಜೆ ಐದು ಗಂಟೆಗೆ ಎಣ್ಣೆ ಹಾಕೋಣ ಅಂತಿದ್ದೀನಿ. ಮೊದಲನೇ ರೌಂಡು. ಬರ್ತೀರಾ?”

ಪಕ್ಕದ ಮನೆಯ ರಾಯರು ಕಾಂಪೌಂಡಿನ ಮೇಲಿಂದ ಹೀಗೆ ಕೂಗಿದಾಗ ನಮ್ಮ ಅತ್ತೆಯವರು ಇತ್ತ ಕಡೆ ನಂದಿಬಟ್ಟಲು ಹೂ ಬಿಡಿಸುತ್ತಿದ್ದರು. ರಾಯರೆಂದರೆ ಮೈಸೂರಿನ ನಮ್ಮ ಬೀದಿಯಲ್ಲಿ ಒಂದು ತೂಕ. ಏಕಾದಶಿಯ ಫಲಾಹಾರವನ್ನೂ ಅಳೆದು ತಿನ್ನುವವರು, ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದು ಒಂದು ದಿನವೂ ಲೆಕ್ಕ ತಪ್ಪದವರು, ಈರುಳ್ಳಿ ಹುಳಿ ತಿಂದ ದಿನ ದೇವರಮನೆಯ ಹೊಸ್ತಿಲು ದಾಟದವರು. ಅತ್ತೆ ಹೂಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಬಂದರು. “ರಿಟೈರಾದ ಮೇಲೆ ಗಂಡಸರು ಕೆಡ್ತಾರೆ ಅಂತ ಕೇಳಿದ್ದೆ. ಇಷ್ಟು ಬೇಗ ಅಂದ್ಕೊಂಡಿರಲಿಲ್ಲ. ಅದೂ ಕೂಗಿ ಕರೀತಾರಲ್ಲಪ್ಪ!” ಎಂದರು.

ಸಂಜೆ ನಾನು ಹೋದೆ, ಸುಳ್ಳೇಕೆ, ಸ್ವಲ್ಪ ಆಸೆಯಿಂದಲೇ ಹೋದೆ. ರಾಯರ ಕಾರು ಬೀದಿಗೆ ಬಿದ್ದಿತ್ತು. ಕಾರಿನ ಶೆಡ್ಡಿನಲ್ಲಿ ಎರಡು ಸ್ಟೂಲುಗಳ ಮೇಲೆ ಆರಡಿ ಉದ್ದದ ಹಲಸಿನ ಹಲಗೆಯೊಂದು ಆಪರೇಷನ್ನಿಗೆ ಮಲಗಿಸಿದ ಹಾಗೆ ಮಲಗಿತ್ತು. ರಾಯರು ಹಳೇ ಪಂಚೆ ಎತ್ತಿ ಕಟ್ಟಿ, ಕೋವಿಡ್ ಕಾಲದ ಮಾಸ್ಕು ಹಾಕಿಕೊಂಡು ನಿಂತಿದ್ದರು. ಸ್ಟೀಲಿನ ಬಟ್ಟಲಿನಲ್ಲಿ ಎಣ್ಣೆ ಇತ್ತು. ಅಗಸೆ ಎಣ್ಣೆ.

ಅವತ್ತಿನಿಂದ ನಮ್ಮ ಬೀದಿಯಲ್ಲಿ ಅವರಿಗೆ ಎಣ್ಣೆರಾಯರು ಎಂದು ಹೆಸರಾಯಿತು. ಅವರಿಗೂ ಅದು ಗೊತ್ತು. ಅವರಿಗೆ ಅದರಲ್ಲಿ ಹೆಮ್ಮೆಯೇ ಇದೆ ಎಂದು ನನ್ನ ಅನುಮಾನ.

ನಿವೃತ್ತರಲ್ಲಿ ಹಲವು ಪಂಗಡಗಳಿವೆ. ಸುಡೊಕು ಪಂಗಡ, ಷೇರುಪೇಟೆ ಪಂಗಡ, ತಾರಸಿಯಲ್ಲಿ ಬದನೆಕಾಯಿ ಬೆಳೆದು ಬೀದಿಗೆಲ್ಲ ಹಂಚುವ ಪಂಗಡ, ಕಂಡವರಿಗೆಲ್ಲ ಹೋಮಿಯೋಪತಿ ಗುಳಿಗೆ ಕೊಡುವ ಪಂಗಡ. ಇವರಿಂದ ಹೆಚ್ಚಿನ ಅಪಾಯವಿಲ್ಲ. ಈಚೆಗೆ ತಲೆ ಎತ್ತಿರುವುದು ಮರದ ಪಂಗಡ. ಯೂಟ್ಯೂಬಿನಲ್ಲಿ ಗಡ್ಡದ ದೊರೆಯೊಬ್ಬ ಹಿಮ ಬೀಳುವ ಊರಿನ ಶೆಡ್ಡಿನಲ್ಲಿ ನಿಂತು, ಒಂದು ಮಾತೂ ಆಡದೆ ಮರಕ್ಕೆ ಎಣ್ಣೆ ಹಚ್ಚುವುದನ್ನು ಇವರು ರಾತ್ರಿ ಹನ್ನೊಂದರ ತನಕ ನೋಡುತ್ತಾರೆ. ಎಣ್ಣೆ ಬಿದ್ದ ಕಡೆ ಒಣಕಲು ಮರ ಫಕ್ಕನೆ ಬಣ್ಣಕ್ಕೆ ತಿರುಗಿ, ಒಳಗಿನ ಗೆರೆಗಳೆಲ್ಲ ಎದ್ದು ಕಾಣುವ ಆ ಒಂದು ಕ್ಷಣವಿದೆಯಲ್ಲ, ಅದಕ್ಕೆ ಮರುಳಾದವರು ಮತ್ತೆ ಮನುಷ್ಯರ ಕಡೆ ಬರುವುದು ಕಷ್ಟ.

ಈ ಪಂಗಡದವರನ್ನು ಗುರುತಿಸುವುದು ಸುಲಭ. ಯಾರ ಮನೆಗೆ ಹೋದರೂ ಮೊದಲು ಬಾಗಿಲನ್ನು ಸವರುತ್ತಾರೆ, ಆಮೇಲೆ ಮನೆಯವರನ್ನು ಮಾತಾಡಿಸುತ್ತಾರೆ. ಹೋದ ವರ್ಷ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಮಾತಾಡಿಸಿಕೊಂಡು ಬರೋಣವೆಂದು ರಾಯರೂ ನಾನೂ ಹೋದೆವು. ಮಗ ಕಣ್ಣೀರು ಒರೆಸಿಕೊಳ್ಳುತ್ತ ಆಸ್ಪತ್ರೆಯ ಕಡೆಯ ಮೂರು ದಿನದ ಕಥೆ ಹೇಳುತ್ತಿದ್ದ. ರಾಯರ ಅಂಗೈ ದಿವಾನದ ತೋಳಿನ ಮೇಲೆ ಹಿಂದಕ್ಕೆ ಮುಂದಕ್ಕೆ ಹೋಗುತ್ತಿತ್ತು. “ಕೊನೇಲಿ ಉಸಿರು ಕಟ್ಟಿಬಿಡ್ತು ಸಾರ್” ಎಂದ ಮಗ. “ಕಟ್ಟದೆ ಇನ್ನೇನು, ಮೆಲಮೈನ್ ಹೊಡೆಸಿದ್ದಾರಲ್ಲ” ಎಂದರು ರಾಯರು. ನಾನು ಅವರ ಕಾಲು ತುಳಿದೆ.

ಮರ ಉಸಿರಾಡಬೇಕು ಎನ್ನುವುದು ಅವರ ಸಿದ್ಧಾಂತ. ಮೆಲಮೈನು, ಪಿ.ಯು., ವಾರ್ನಿಷು, ಇವೆಲ್ಲ ಮರದ ಮೇಲೆ ಕೂರುವ ಪ್ಲಾಸ್ಟಿಕ್ಕಿನ ಪೊರೆ. ಎಣ್ಣೆಯಾದರೆ ಒಳಗೆ ಇಳಿದು ಮರದ ಜೊತೆ ಒಂದಾಗುತ್ತದೆ. ಒಳಗೆ ಇಳಿಯುವುದು ನಿಜ. ಎಷ್ಟು ಇಳಿಯುತ್ತದೆ ಎನ್ನುವುದರಲ್ಲಿ ಮಾತ್ರ ರಾಯರು ಸ್ವಲ್ಪ ಉದಾರಿ. ಹಲಗೆಯ ಮುಖದಲ್ಲಿ ಅದು ಇಳಿಯುವುದು ಉಗುರಿನ ದಪ್ಪಕ್ಕೂ ಕಮ್ಮಿ. ನಾರು ಕೊಯ್ದ ಎರಡು ತುದಿಗಳಲ್ಲಾದರೆ ಕೆರೆಗೆ ಬಿಟ್ಟ ಎಮ್ಮೆಯ ಹಾಗೆ ಕುಡಿಯುತ್ತದೆ. ಇನ್ನು ಉಸಿರಿನ ವಿಷಯ. ಕಡಿದ ಮರ ಮಳೆಗಾಲದಲ್ಲಿ ತೇವ ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಬಿಟ್ಟು ಕುಗ್ಗುತ್ತದೆ. ಜುಲೈನಲ್ಲಿ ನಮ್ಮ ಬಚ್ಚಲುಮನೆ ಬಾಗಿಲು ಒದ್ದರೆ ಮಾತ್ರ ಮುಚ್ಚುವುದು ಇದೇ ಕಾರಣಕ್ಕೆ. ಎಣ್ಣೆ ಅದನ್ನು ತಡೆಯುವುದೂ ಅಷ್ಟಕ್ಕಷ್ಟೆ. ಆ ಕೆಲಸದಲ್ಲಿ ರಾಯರು ಬಯ್ಯುವ ಆ ಪ್ಲಾಸ್ಟಿಕ್ ಪೊರೆಯೇ ಮೇಲು. ಇದನ್ನು ಅವರ ಮುಂದೆ ಒಮ್ಮೆ ಹೇಳಿ ಮೂರು ದಿನ ಮಾತು ಬಿಡಿಸಿಕೊಂಡಿದ್ದೇನೆ.

ಅವರ ಶ್ರೀಮತಿಯವರನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕನಿಗೂ ಈ ಸಿದ್ಧಾಂತಕ್ಕೂ ಎಣ್ಣೆ ಸೀಗೆಕಾಯಿ. “ಸತ್ತ ಮರ ಉಸಿರಾಡಬೇಕಂತೆ. ಬದುಕಿರೋ ನಾನು ಈ ಟರ್ಪೆಂಟೈನ್ ವಾಸನೇಲಿ ಉಸಿರಾಡೋದು ಹೇಗೆ ಅಂತ ಯಾವ ವಿಡಿಯೋದಲ್ಲೂ ಬರಲ್ಲ ನೋಡಿ” ಎನ್ನುತ್ತಾರೆ.

ಈ ಹಲಗೆಯ ಪೂರ್ವೋತ್ತರ ಹೇಳಬೇಕು. ರಾಯರ ಮೂಲ ತೀರ್ಥಹಳ್ಳಿಯ ಕಡೆ. ಹಳೇ ಮನೆ ಕೆಡವಿ ಪಾಲಾದಾಗ ದೊಡ್ಡಣ್ಣ ತೋಟ ತೆಗೆದುಕೊಂಡರು, ಎರಡನೆಯವರು ಗದ್ದೆ. ರಾಯರು ಕೇಳಿದ್ದು ಜಗಲಿಯ ತೂಗುಮಣೆ, ಅದರ ಹಿತ್ತಾಳೆ ಸರಪಳಿ, ಜೊತೆಗೆ ಅಮ್ಮ. ಮೂರನ್ನೂ ತಕರಾರಿಲ್ಲದೆ ಕೊಟ್ಟರು. ಎಂಬತ್ತೆಂಟು ವರ್ಷದ ಅಮ್ಮ ಕಾರಿನ ಮುಂದಿನ ಸೀಟಿನಲ್ಲೂ, ಹಲಗೆ ಕಾರಿನ ನೆತ್ತಿಯ ಮೇಲೂ ಬಂದವು. ಬಂದ ದಿನ ನಾನು ಹಲಗೆಯನ್ನು ನೋಡಿದ್ದೇನೆ. ಕಂದು ಕಪ್ಪು ಬಣ್ಣ, ಕಾಫಿ ಡಿಕಾಕ್ಷನ್ನಿನ ಹಾಗೆ; ಮಧ್ಯದಲ್ಲಿ ಕೂತು ಕೂತು ಸ್ವಲ್ಪ ತಗ್ಗು; ಬೆಳಕಿಗೆ ಹಿಡಿದರೆ ಮುಖ ಕಾಣುವ ಹೊಳಪು. ನನಗೆ ಅದು ಹಾಗೇ ಚೆನ್ನಾಗಿತ್ತು.

“ಕೊಳೆ” ಎಂದರು ರಾಯರು. “ತೆಗೀಬೇಕು.”

ಹೀಗೆ ಶುರುವಾಯಿತು ಪೂರ್ವಸಿದ್ಧತೆ. ಎಣ್ಣೆ ಹಚ್ಚುವ ಕೆಲಸದಲ್ಲಿ ಎಣ್ಣೆ ಹಚ್ಚುವುದು ರೂಪಾಯಿಗೆ ನಾಲ್ಕಾಣೆ. ಮಿಕ್ಕ ಹನ್ನೆರಡಾಣೆ ಉಜ್ಜುವುದು. ಸಂತೇಪೇಟೆಯಿಂದ ಉಪ್ಪುಕಾಗದ ಬಂತು. 80, 120, 180, 220, 320: ನಂಬರು ಏರಿದ ಹಾಗೆ ಕಾಗದ ನಯವಾಗುತ್ತದೆ. 80ರಲ್ಲಿ ಹಳೆಯದನ್ನು ಕಿತ್ತು, 120ರಲ್ಲಿ 80ರ ಗೀರು ತೆಗೆದು, 180ರಲ್ಲಿ 120ರ ಗೀರು ತೆಗೆದು ಹೀಗೆ ಏರುತ್ತ ಹೋಗಬೇಕು, ಒಂದು ಮೆಟ್ಟಿಲು ಹಾರಿದರೂ ಎಣ್ಣೆ ಬಿದ್ದ ದಿನ ಆ ಗೀರು ಎದ್ದು ಬಂದು ಮಾನ ಕಳೆಯುತ್ತದೆ. ನಾರಿನ ದಿಕ್ಕಿನಲ್ಲೇ ಉಜ್ಜಬೇಕು. ಅಡ್ಡ ಉಜ್ಜಿದರೆ ಕ್ಷಮೆಯಿಲ್ಲ. ರಾಯರು ಬ್ಯಾಂಕಿನಲ್ಲಿ ಸಾಲದ ಅರ್ಜಿಯನ್ನು ಮೇಜಿನಿಂದ ಮೇಜಿಗೆ ಕಳಿಸುತ್ತಿದ್ದ ಕ್ರಮದಲ್ಲೇ ಹಲಗೆಯನ್ನು ನಂಬರಿನಿಂದ ನಂಬರಿಗೆ ಕಳಿಸಿದರು. ಒಂದೊಂದು ನಂಬರಿಗೂ ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಸಹಿ ಮಾಡಿದರು. ಮೂರು ತಿಂಗಳು ಬೆಳಗ್ಗೆ ಒಂಬತ್ತರಿಂದ ಹನ್ನೆರಡರ ತನಕ ಬೀದಿಗೆಲ್ಲ ಕರಕರ ಸದ್ದು. ಅಮ್ಮ ಒಳಗಿನಿಂದ, “ಹಲ್ಲು ಚುಳುಚುಳು ಅಂತದೆ ಮಾಣಿ, ನಿಲ್ಸೋ” ಎನ್ನುವರು. ಅವರಿಗೆ ಹಲ್ಲು ಇರಲಿಲ್ಲ.

ಇಷ್ಟಾದ ಮೇಲೆ ಇನ್ನೊಂದು ಶಾಸ್ತ್ರವಿದೆ. ಉಜ್ಜಿ ನುಣ್ಣಗಾದ ಮರಕ್ಕೆ ಒದ್ದೆ ಬಟ್ಟೆ ಸವರಬೇಕು. ಒಣಗಿದಾಗ ಅಮುಕಿಕೊಂಡು ಮಲಗಿದ್ದ ನಾರುಗಳೆಲ್ಲ ಎದ್ದು ನಿಂತು, ಎರಡು ದಿನ ಕ್ಷೌರ ಮಾಡದ ಗಲ್ಲದ ಹಾಗೆ ಚುಚ್ಚುತ್ತವೆ. ಆಗ ಕೊನೆಯ ಕಾಗದದಿಂದ ಮೆಲ್ಲಗೆ ಇನ್ನೊಂದು ಸಲ ಉಜ್ಜಿದರೆ ಮತ್ತೆ ಏಳುವುದಿಲ್ಲ. ಇದು ನಿಜಕ್ಕೂ ಕೆಲಸ ಮಾಡುತ್ತದೆ. ರಾಯರು ನನ್ನ ಕೈ ಹಿಡಿದು ಮೊದಲು, ನಡುವೆ, ಆಮೇಲೆ ಎಂದು ಮೂರು ಸಲ ಸವರಿಸಿದರು. ಮೂರನೆಯ ಸಲ ನಾನೂ ಹಾ ಎಂದೆ. ಆಮೇಲೆ ಸುಮ್ಮನಿರಬಾರದೇ? 400 ತಂದರು. 600 ತಂದರು. ಹಲಗೆ ಗಾಜಾಯಿತು.

ಅಕ್ಕ ಬಂದು ನೋಡಿ, “ಅಲ್ಲ, ಎಂಬತ್ತು ವರ್ಷದ ಬಣ್ಣ ತೆಗೆದು ಹಲಸಿನ ತೊಳೆ ಬಣ್ಣ ಮಾಡಿದ್ರಲ್ಲ” ಎಂದರು. ನಿಜ, ಉಜ್ಜಿದ ಹಲಸು ಹಳದಿ. “ಎಣ್ಣೆ ಬಿದ್ದ ಮೇಲೆ ಹಳೇ ಬಣ್ಣ ಬರತ್ತೆ” ಎಂದರು ರಾಯರು. “ಹಾಗಾದ್ರೆ ತೆಗೆದಿದ್ದು ಯಾಕೆ?” ಎಂದರು ಅಕ್ಕ. ಇದಕ್ಕೆ ಉತ್ತರ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

ಮುಂದಿನದು ಎಣ್ಣೆಯ ಆಯ್ಕೆ. ಇಲ್ಲಿ ರಾಯರ ವಿದ್ವತ್ತಿಗೆ ನಾನು ತಲೆಬಾಗುತ್ತೇನೆ. ಅಂಗಡಿಯವನು ಟೀಕ್ ಆಯಿಲ್ ಎಂದು ಒಂದು ಡಬ್ಬ ತೋರಿಸಿದನಂತೆ, ಡೇನಿಷ್ ಆಯಿಲ್ ಎಂದು ಇನ್ನೊಂದು. ರಾಯರು ನಕ್ಕರಂತೆ. ಟೀಕ್ ಆಯಿಲನ್ನು ತೇಗದಿಂದ ತೆಗೆಯುವುದಿಲ್ಲ. ಡೇನಿಷ್ ಆಯಿಲ್ ಎಂಬ ಎಣ್ಣೆಯನ್ನು ಕೊಡುವ ಕಾಳು ಡೆನ್ಮಾರ್ಕಿನಲ್ಲೂ ಇಲ್ಲ, ಅದು ಎಣ್ಣೆ, ವಾರ್ನಿಷು, ತಿನ್ನರು ಸೇರಿದ ಕಲಬೆರಕೆ. “ಮಂಗಳೂರು ಬಜ್ಜೀಲಿ ಮಂಗಳೂರು ಎಷ್ಟಿದೆಯೋ ಅಷ್ಟೇ” ಎಂದು ಅಂಗಡಿಯವನಿಗೆ ಪಾಠ ಹೇಳಿ ಬಂದರು. ಚೀನಾದವರ ಟಂಗ್ ಎಣ್ಣೆ ಒಳ್ಳೆಯದೇ, ಆದರೆ ಬೆಲೆ ಕೇಳಿ ಕೆಳಗಿಟ್ಟರು.

ಎಲ್ಲ ಎಣ್ಣೆಯೂ ಮರಕ್ಕಾಗದು, ಒಣಗುವ ಎಣ್ಣೆಯೇ ಬೇಕು. ಇದನ್ನು ತೋರಿಸಲು ರಾಯರು ನಾಲ್ಕು ತುಂಡು ಮರ ಸಾಲಾಗಿಟ್ಟು ಕೊಬ್ಬರಿ ಎಣ್ಣೆ, ಹರಳೆಣ್ಣೆ, ಕುಸುಬೆ ಎಣ್ಣೆ, ಅಗಸೆ ಎಣ್ಣೆ ಹಚ್ಚಿ ಚೀಟಿ ಅಂಟಿಸಿದರು. ಎಣ್ಣೆಗಳೆಲ್ಲ ಅಕ್ಕನ ಅಡುಗೆಮನೆಯದು. ಎರಡು ವಾರಕ್ಕೆ ಕೊಬ್ಬರಿ ಎಣ್ಣೆಯದು ಕಮಟು ಹೊಡೆದು ಇರುವೆ ಸಾಲು ಕಟ್ಟಿತು. ಹರಳೆಣ್ಣೆ ಹಚ್ಚಿದ ದಿನ ಹೇಗಿತ್ತೋ ಹಾಗೇ ಜಿಡ್ಡು. ಕುಸುಬೆ ಅರ್ಧ ಮನಸ್ಸಿನದು. ಅಗಸೆ ಮಾತ್ರ ಒಣಗಿ ಮುಟ್ಟಲು ಹಿತವಾಗಿತ್ತು. ಒಣಗುವುದೆಂದರೆ ನೀರಿನ ಹಾಗೆ ಆವಿಯಾಗಿ ಹೋಗುವುದಲ್ಲ. ಅಗಸೆ ಎಣ್ಣೆ ಗಾಳಿಯಿಂದ ಆಮ್ಲಜನಕ ಹೀರಿಕೊಂಡು, ಅದರ ಅಣುಗಳು ಒಂದರ ಕೈ ಒಂದು ಹಿಡಿದು ಗಟ್ಟಿಯಾಗುತ್ತವೆ. ಹೀರಿದ ಆಮ್ಲಜನಕದಿಂದ ತೂಕವೂ ಸ್ವಲ್ಪ ಏರುತ್ತದೆ. ಇದನ್ನು ಓದಿದ ದಿನ ರಾಯರು ಕಾಂಪೌಂಡಿಗೆ ಓಡಿ ಬಂದರು. “ಹಾಕಿದ್ದಕ್ಕಿಂತ ಜಾಸ್ತಿ ವಾಪಸ್ ಬರತ್ತೆ! ಬಡ್ಡಿ ಕಣ್ರೀ, ಬಡ್ಡಿ!”

ಅವರ ಇನ್ನೊಂದು ವಾದವೂ ನನಗೆ ಇಷ್ಟ. “ಜಗನ್ಮೋಹನ ಅರಮನೇಲಿ ರವಿವರ್ಮನ ಚಿತ್ರಗಳಿವೆಯಲ್ಲ, ತೈಲಚಿತ್ರ ಅಂತಾರೆ. ಯಾವ ತೈಲ? ಕೊಬ್ಬರಿ ಎಣ್ಣೇಲಿ ಬರೆದಿದ್ರೆ ಇವತ್ತಿಗೂ ಹಸಿ ಇರ್ತಿತ್ತು. ನೋಡೋಕೆ ಬಂದವರ ಬೆನ್ನಿಗೆಲ್ಲ ದಮಯಂತಿ ಅಂಟಿಕೊಂಡು ಹೋಗ್ತಿದ್ಲು.”

ಅಗಸೆಯಲ್ಲೂ ಎರಡು ಜಾತಿ. ಗಾಣದ ಹಸಿ ಎಣ್ಣೆ ತಿನ್ನಬಹುದು, ಮರದ ಮೇಲೆ ಒಣಗಲು ವಾರಗಟ್ಟಲೆ ಬೇಕು. ಪೇಂಟ್ ಅಂಗಡಿಯ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಬೇಗ ಒಣಗುತ್ತದೆ, ಆದರೆ ಹೆಸರಿನಲ್ಲಿ ಬೇಯಿಸಿದ್ದು ಎಂದಿದ್ದರೂ ಈಗ ಅದು ಬೇಗ ಒಣಗುವುದು ಸಾಮಾನ್ಯವಾಗಿ ಸೇರಿಸಿದ ಲೋಹದ ಲವಣಗಳಿಂದ, ಬಾಯಿಗೆ ಹಾಕುವಂಥದ್ದಲ್ಲ. ಅಕ್ಕ ಕೊಲೆಸ್ಟರಾಲಿಗೆಂದು ದಿನಾ ಒಂದು ಚಮಚ ಹಸಿ ಎಣ್ಣೆ ಕುಡಿಯುವವರು. ಒಂದೇ ಬಣ್ಣದ ಎರಡು ಬಾಟಲಿ ಒಂದೇ ಕಪಾಟಿನಲ್ಲಿ ನಿಂತದ್ದನ್ನು ಕಂಡು ಅವರು ಕೆಂಪು ಪೆನ್ನಿನಲ್ಲಿ ಒಂದಕ್ಕೆ “ನನಗೆ”, ಇನ್ನೊಂದಕ್ಕೆ “ಸವತಿಗೆ” ಎಂದು ಬರೆದು ಅಂಟಿಸಿದರು. ಆ ಚೀಟಿಗಳು ಇವತ್ತಿಗೂ ಇವೆ.

ಅಗಸೆ ಎಣ್ಣೆಯ ಬಗ್ಗೆ ನನ್ನದೂ ಒಂದು ಪಾಪವಿದೆ, ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಹೈಸ್ಕೂಲಿನಲ್ಲಿ ನಮ್ಮ ತಂಡಕ್ಕೆ ಹೊಸ ಕ್ರಿಕೆಟ್ ಬ್ಯಾಟು ಬಂದಾಗ ಪಿ.ಟಿ. ಮೇಷ್ಟ್ರು, ತೆಳ್ಳಗೆ ಅಗಸೆ ಎಣ್ಣೆ ಹಚ್ಚಿ ಮಲಗಿಸಿ ಇಡಿ ಎಂದಿದ್ದರು. ತೆಳ್ಳಗೆ ಯಾಕೆ, ಧಾರಾಳವಾಗಿಯೇ ಇರಲಿ ಎಂದು ನಾವು ಬ್ಯಾಟನ್ನು ಇಡೀ ರಾತ್ರಿ ಎಣ್ಣೆಯ ಡಬ್ಬದಲ್ಲಿ ನಿಲ್ಲಿಸಿದೆವು. ಬೆಳಗ್ಗೆ ಅದು ಒನಕೆಯಾಗಿತ್ತು. ಆ ವರ್ಷ ನಮ್ಮ ಶಾಲೆ ಬೌಂಡರಿ ಹೊಡೆಯಲಿಲ್ಲ.

ನನ್ನ ಈ ಅನುಭವವನ್ನು ಮೊದಲ ಕೋಟಿನ ಆ ಸಂಜೆ ರಾಯರಿಗೆ ಹೇಳಬೇಕಿತ್ತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಎಣ್ಣೆ ಸುರಿದಿದ್ದರು. ಹಳದಿ ಹಲಗೆ ಕಣ್ಣೆದುರೇ ಜೇನಿನ ಬಣ್ಣಕ್ಕೆ ತಿರುಗಿತು, ಗೆರೆಗಳು ಹೊಳೆಯ ನೀರಿನ ಹಾಗೆ ಹರಿದವು. ರಾಯರು ಮಾಸ್ಕು ಕೆಳಗಿಳಿಸಿ ನನ್ನನ್ನು ನೋಡಿದರು. ಮೊಮ್ಮಗು ಹುಟ್ಟಿದ ದಿನವೂ ಆ ಮುಖ ನಾನು ನೋಡಿರಲಿಲ್ಲ. ಅಜ್ಜಿ ಬಾಣಂತಿಕೋಣೆಯಲ್ಲಿ ಮಗುವಿಗೆ ಎಣ್ಣೆ ನೀವುವ ಹಾಗೆ ನೀವಿದರು, ತುದಿಗಳಿಗೆ ಇನ್ನಷ್ಟು ಕುಡಿಸಿದರು. ವಿಧಿಯ ಪ್ರಕಾರ ಹದಿನೈದಿಪ್ಪತ್ತು ನಿಮಿಷ ಬಿಟ್ಟು, ಮೇಲೆ ನಿಂತ ಎಣ್ಣೆಯನ್ನೆಲ್ಲ ಒಣ ಬಟ್ಟೆಯಿಂದ ಒರೆಸಿಬಿಡಬೇಕು, ಬಟ್ಟೆಗೆ ಏನೂ ಹತ್ತದಷ್ಟು. ನೋಟ್‌ಬುಕ್ಕಿನಲ್ಲಿ ಇದು ಕೆಂಪು ಗೆರೆ ಎಳೆದು ಬರೆದದ್ದೇ. ಆದರೆ ಹಚ್ಚಿದ ಎಣ್ಣೆ ಒರೆಸಲು ರಾಯರಿಗೆ ಮನಸ್ಸು ಬರಲಿಲ್ಲ. “ಎಷ್ಟು ಚೆನ್ನಾಗಿ ಹೊಳೀತಿದೆ, ಕುಡಿಯೋ ಅಷ್ಟು ಕುಡೀಲಿ ಬಿಡಿ” ಎಂದರು. ಮೈಸೂರಿನಲ್ಲಿ ಅದು ಜುಲೈ ತಿಂಗಳು, ಸೋನೆ ಹಿಡಿದಿತ್ತು.

ಎಣ್ಣೆ ಒಣಗಲಿಲ್ಲ. ಅಂಟಾಯಿತು. ಮೊದಲು ಸೊಳ್ಳೆಗಳು ಬಂದು ಅಂಟಿದವು, ಆಮೇಲೆ ಒಂದು ಹಲ್ಲಿಯ ಬಾಲ. ಧೂಳು ಕೂರುತ್ತದೆಂದು ಅಕ್ಕ ಒಳ್ಳೆಯ ಮನಸ್ಸಿನಿಂದ ಮೇಲೆ ದಿನಪತ್ರಿಕೆ ಹೊದಿಸಿದರು. ನಾಲ್ಕನೆಯ ದಿನ ಕಿತ್ತಾಗ ಪತ್ರಿಕೆ ಬಂತು, ಅಕ್ಷರಗಳು ಹಲಗೆಯಲ್ಲೇ ಉಳಿದವು. ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ, ಯಾರೋ ಹಿರಿಯರ ಶ್ರದ್ಧಾಂಜಲಿ ಜಾಹೀರಾತು, ಫೋಟೋ ಸಮೇತ. ರಾಯರು ಸೂತಕದ ಮುಖ ಮಾಡಿಕೊಂಡು ಮತ್ತೆ 120ಕ್ಕೆ ಹೋದರು.

ಸೂರಿನ ಕೊಕ್ಕೆ ನೋಡಲು ಆಚಾರ್ರು ಬಂದದ್ದು ಆ ಹೊತ್ತಿನಲ್ಲೇ. ಮರದ ಕೆಲಸದಲ್ಲಿ ನಲವತ್ತು ವರ್ಷ ಸವೆಸಿದ ಕೈ. ಹಲಗೆಯ ಮೇಲೆ ಬೆರಳಿಟ್ಟು ಮೂಸಿದರು.

“ಎಷ್ಟು ದಿವಸದಿಂದ ನಡೀತಿದೆ ಸ್ವಾಮಿ?”

“ಐದನೇ ತಿಂಗಳು.”

“ಬಾಣಂತನಕ್ಕೆ ಇನ್ನು ನಾಲ್ಕಿದೆ ಹಾಗಾದ್ರೆ.” ಆಚಾರ್ರು ಕಿವಿಯ ಸಂದಿನ ಪೆನ್ಸಿಲ್ ತೆಗೆದು ಮತ್ತೆ ಸಿಕ್ಕಿಸಿಕೊಂಡರು. “600ರಲ್ಲಿ ಉಜ್ಜಿ ಗಾಜು ಮಾಡಿದ್ದೀರಿ. ಬಾಯಿ ಹೊಲಿದು ಪಾಯಸ ಕುಡಿ ಅಂದ್ರೆ ಹೇಗೆ ಕುಡೀತದೆ? 220ಕ್ಕೆ ನಿಲ್ಲಿಸ್ಬೇಕಿತ್ತು. ಮೊದಲನೇ ಕೈಗೆ ಟರ್ಪೆಂಟೈನ್ ಸಮಸಮ ಬೆರೆಸಿ ತೆಳ್ಳಗೆ ಮಾಡ್ಕೋಬೇಕಿತ್ತು. ಅದೆಲ್ಲ ಹೋಗ್ಲಿ, ಒರೆಸಿದ್ರಾ?”

ರಾಯರು ಮಾತಾಡಲಿಲ್ಲ.

“ಎಣ್ಣೆ ಹಚ್ಚೋದು ಯಾರಿಗೂ ಬರ್ತದೆ ಸ್ವಾಮಿ. ಒರೆಸೋದೇ ಕೆಲಸ. ದೀಪಾವಳೀಲಿ ಎಣ್ಣೆ ಹಚ್ಕೊಂಡು ನೀರು ಹಾಕ್ಕೊಳ್ದೆ ಷರ್ಟು ತೊಟ್ಕೊಂಡು ಆಫೀಸಿಗೆ ಹೋಗ್ತಿದ್ರಾ?”

ರಾಯರ ಷಡ್ಡಕರು ಕುಂದಾಪುರದ ಕಡೆಯವರು. ಅವರು ಬಂದಾಗ ಇನ್ನೊಂದು ಬಗೆಯ ಉಪದೇಶ. “ಎಂತ ಅಗಸೆ ಮಾರಾಯ್ರೆ, ಒಂದು ಕೈ ಗೇರೆಣ್ಣೆ ಬಳಿದು ಬಿಡಿ. ನಮ್ಮಲ್ಲಿ ದೋಣಿಗೂ ಅದೇ, ಮಾಡಿನ ಪಕಾಸಿಗೂ ಅದೇ. ಗೆದ್ದಲು ಹತ್ತಿರ ಸುಳೀಲಿಕ್ಕಿಲ್ಲ.” ಗೇರುಬೀಜದ ಸಿಪ್ಪೆಯ ಆ ಎಣ್ಣೆ ಮೈಗೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಅದನ್ನು ಕೂರುವ ಮಣೆಗೆ ಹಚ್ಚುವ ಮಾತು ಅಕ್ಕನಿಗೆ ಒಂದು ಕ್ಷಣ ಬಹಳ ಇಷ್ಟವಾದ ಹಾಗೆ ಕಂಡಿತು.

ಈ ನಡುವೆ ನಗಲಾಗದ ಒಂದು ರಾತ್ರಿಯೂ ಬಂತು. ಎರಡನೆಯ ಸಲ ರಾಯರು ಆಚಾರ್ರ ಮಾತಿನಂತೆ ಶ್ರದ್ಧೆಯಿಂದ ಒರೆಸಿದರು, ಒರೆಸಿದ ಬಟ್ಟೆಗಳನ್ನೆಲ್ಲ ಮುದ್ದೆ ಮಾಡಿ ಹಿತ್ತಲಿನ ಪ್ಲಾಸ್ಟಿಕ್ ಬಕೆಟ್ಟಿಗೆ ತುರುಕಿದರು. ಅಕ್ಕನ ಹಳೇ ಹತ್ತಿ ಸೀರೆಯ ತುಂಡುಗಳು. ರಾತ್ರಿ ಹತ್ತೂವರೆಗೆ ಸುಟ್ಟ ವಾಸನೆ. ಹೋಗಿ ನೋಡಿದರೆ ಯಾರೂ ಕಡ್ಡಿ ಗೀರದೆ ಬಕೆಟ್ಟು ಹೊಗೆಯಾಡುತ್ತಿತ್ತು, ಪಕ್ಕ ಕರಗಿ ವಾಲಿತ್ತು. ಆಮ್ಲಜನಕ ಹೀರುವಾಗ ಈ ಎಣ್ಣೆ ಬಿಸಿಯಾಗುತ್ತದೆ. ಹರವಿದರೆ ಆ ಬಿಸಿ ಗಾಳಿಗೆ ಹೋಗುತ್ತದೆ, ಮುದ್ದೆ ಮಾಡಿದರೆ ಒಳಗೇ ಕೂಡಿ ಕೂಡಿ ತಾನಾಗಿ ಹೊತ್ತಿಕೊಳ್ಳುತ್ತದೆ. ಅಮೆರಿಕದ ಫಿಲಡೆಲ್ಫಿಯದಲ್ಲಿ 1991ರ ಫೆಬ್ರವರಿ 23ರಂದು 38 ಮಹಡಿಯ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡ ಹೊತ್ತಿ ಉರಿದದ್ದು ಇಂಥದೇ ಅಗಸೆ ಎಣ್ಣೆ ಬಟ್ಟೆಗಳಿಂದ; 22ನೆಯ ಮಹಡಿಯಲ್ಲಿ ಮರಗೆಲಸದವರು ಬಿಟ್ಟು ಹೋಗಿದ್ದವು. ಮೂವರು ಅಗ್ನಿಶಾಮಕರು ಸತ್ತರು. ಆ ರಾತ್ರಿ ರಾಯರು ಬಕೆಟ್ಟಿಗೆ ನೀರು ಸುರಿದು ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು. ಅಕ್ಕ ಏನೂ ಅನ್ನದೆ ಪಕ್ಕದಲ್ಲಿ ಕೂತರು.

ಮಾರನೆಯ ದಿನದಿಂದ ಬಟ್ಟೆ ಒಣಹಾಕುವ ತಂತಿಯ ಮೇಲೆ ಒಂದೊಂದು ಚಿಂದಿಗೂ ಎರಡೆರಡು ಕ್ಲಿಪ್ಪು. ತಂತಿಯ ತುಂಬ ಕಂದು ಬಾವುಟಗಳು. ಯಾವ ಪಕ್ಷ ಎಂದು ಪೇಪರ್ ಹುಡುಗ ಕೇಳಿದ.

ಹಲಗೆ ಕೊನೆಗೂ ಚೆನ್ನಾಗಿ ಬಂತು, ಅದನ್ನು ಒಪ್ಪಲೇಬೇಕು. ಮೂರು ಕೈ ಎಣ್ಣೆ, ಒಂದು ಕೈ ಜೇನುಮೇಣ. ಆದರೆ ಬಂತು ಎಂದು ನಾವು ಹೇಳುವುದು. ಅವರ ನೋಟ್‌ಬುಕ್ಕು ಬೇರೆಯೇ ಹೇಳುತ್ತದೆ. ಎಣ್ಣೆಯವರಲ್ಲಿ ಒಂದು ಹಳೇ ಲೆಕ್ಕವಿದೆ: ದಿನಕ್ಕೊಂದು ಸಲ ಒಂದು ವಾರ, ವಾರಕ್ಕೊಂದು ಸಲ ಒಂದು ತಿಂಗಳು, ತಿಂಗಳಿಗೊಂದು ಸಲ ಒಂದು ವರ್ಷ, ಆಮೇಲೆ ವರ್ಷಕ್ಕೊಂದು ಸಲ ಬದುಕಿರುವ ತನಕ. ರಾಯರಿಗೆ ಇದು ರಿಕರಿಂಗ್ ಡಿಪಾಸಿಟ್ಟಿನಷ್ಟು ಪ್ರಿಯವಾಯಿತು. ಅಕ್ಕ ಕೇಳಿ, “ಮೊದಲು ದಿನದ ಕರ್ಮ, ಆಮೇಲೆ ತಿಂಗಳ ಮಾಸಿಕ, ಆಮೇಲೆ ವರ್ಷಾಬ್ದಿಕ. ಸರಿಯಾಗೇ ಇದೆ. ನೋಡಿದ್ರಾ, ಮರ ಸತ್ತಿದೆ ಅಂತ ನಿಮ್ಮ ಲೆಕ್ಕಾನೇ ಹೇಳ್ತಿದೆ” ಎಂದರು.

ಲೆಕ್ಕ ಮುಗಿಯುವ ತನಕ ಯಾರೂ ಕೂರುವ ಹಾಗಿಲ್ಲ. ನಡುಮನೆಯಲ್ಲಿ ಹಿತ್ತಾಳೆ ಸರಪಳಿಯಲ್ಲಿ ತೂಗುಮಣೆ ತೂಗಿತು. ಸುತ್ತ ಹಗ್ಗ ಕಟ್ಟಿತ್ತು, ಮ್ಯೂಸಿಯಮ್ಮಿನ ಹಾಗೆ. ಅಷ್ಟರಲ್ಲಿ ಊಟದ ಮೇಜಿಗೂ ಎಣ್ಣೆಯ ಗಾಳಿ ಬೀಸಿತ್ತು, ದಿವಾನಕ್ಕೂ. ಮನೆಯಲ್ಲಿ ಮರದ್ದೆಲ್ಲ ಒಣಗುತ್ತಿತ್ತು, ಮನುಷ್ಯರೆಲ್ಲ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಿದ್ದರು. ಮಗಳು ಅಳಿಯ ಬಂದು ಎರಡು ದಿನ ಇದ್ದು, ಕೂರಲು ಜಾಗವಿಲ್ಲವೆಂದು ನಮ್ಮ ಮನೆಯಲ್ಲಿ ಟೀವಿ ನೋಡಿದರು.

ನರಕ ಚತುರ್ದಶಿಯ ಬೆಳಗ್ಗೆ ರಾಯರು ಹೂವು ತರಲು ದೇವರಾಜ ಮಾರುಕಟ್ಟೆಗೆ ಹೋಗಿದ್ದರು. ಬಂದು ನೋಡುತ್ತಾರೆ, ಹಗ್ಗ ಕೆಳಗೆ ಬಿದ್ದಿದೆ, ಅಮ್ಮ ತೂಗುಮಣೆಯ ಮೇಲೆ ಕಾಲು ಚಾಚಿ ಕೂತಿದ್ದಾರೆ. ನೆತ್ತಿಗೆ ಹರಳೆಣ್ಣೆ ತಟ್ಟಿದೆ, ಕೈಕಾಲಿಗೆಲ್ಲ ಸುರಿಯುವಷ್ಟು. ನೀರು ಕಾಯಲಿ ಎಂದು ಮೆಲ್ಲಗೆ ತೂಗಿಕೊಳ್ಳುತ್ತಿದ್ದಾರೆ. ಬಾಗಿನಕ್ಕೆಂದು ಹೋದ ನನ್ನ ಹೆಂಡತಿ ಇದನ್ನೆಲ್ಲ ಕಣ್ಣಾರೆ ಕಂಡವಳು.

“ಅಮ್ಮಾ! ಎಣ್ಣೆ!” ಎಂದು ರಾಯರು ಚೀರಿದರು.

“ಹ್ಞೂ, ಎಣ್ಣೆನೇ. ಅದಕ್ಕೇನೀಗ?”

“ಮಣೆ ಹಾಳಾಗತ್ತಮ್ಮ! ಎಂಟು ತಿಂಗಳು ಎಣ್ಣೆ ಹಚ್ಚಿ ಹಳೇ ಬಣ್ಣಕ್ಕೆ ತರೋಕೆ ಒದ್ದಾಡ್ತಿದ್ದೀನಿ!”

ಅಮ್ಮ ತೂಗುವುದನ್ನು ನಿಲ್ಲಿಸಲಿಲ್ಲ. “ಹಳೇ ಬಣ್ಣಕ್ಕೆ ಯಾರೋ ಹಚ್ಚಿದ್ರು ಎಣ್ಣೆ? ನಿಮ್ಮಜ್ಜ ಶನಿವಾರ ಎಣ್ಣೆ ಹಚ್ಕೊಂಡು ಇದರ ಮೇಲೆ ಕೂರ್ತಿದ್ರು. ನಿಮ್ಮಪ್ಪ ಕೂರ್ತಿದ್ರು. ನಾಲ್ಕು ಬಾಣಂತನ ನಾನು ಇದರ ಮೇಲೇ ಕೂತು ಮಕ್ಕಳಿಗೆ ಎಣ್ಣೆ ನೀವಿದ್ದು. ನಿನ್ನ ಕುಂಡೆ ಎಣ್ಣೇನೂ ಇತ್ತು ಅದರಲ್ಲಿ, ಎಲ್ಲ ಉಜ್ಜಿ ಬಿಸಾಕ್ದೆ.”

ರಾಯರು ಹೂವಿನ ಪೊಟ್ಟಣ ಹಿಡಿದುಕೊಂಡು ನಿಂತೇ ಇದ್ದರು. ಅವರು ಕೇಳಿದ ಮುಂದಿನ ಮಾತಿನಿಂದ ಅವರು ಅಪ್ಪಟ ಈ ಪಂಗಡದವರೆಂದು ನನಗೆ ಖಾತ್ರಿಯಾಯಿತು.

“ಆದ್ರೆ ಅಮ್ಮ, ಹರಳೆಣ್ಣೆ ಒಣಗಲ್ವಲ್ಲ?”

“ಒಣಗೋದೆಲ್ಲಿ ಬಂತು! ಒಬ್ಬರು ಎದ್ರೆ ಇನ್ನೊಬ್ಬರು ಬಂದು ಕೂರ್ತಿದ್ರು. ಎಲ್ಲ ಅವರವರ ಪಂಚೆ ಸೀರೆಗೆ ಒರೆಸಿಕೊಂಡು ಹೋಗ್ತಿತ್ತು.”

ಅವತ್ತು ಮಧ್ಯಾಹ್ನ ಹಬ್ಬದೂಟವಾದ ಮೇಲೆ ರಾಯರು ನೋಟ್‌ಬುಕ್ಕು ತೆಗೆದು ಎಷ್ಟೋ ಹೊತ್ತು ಬರೆದರು. ಹಗ್ಗವನ್ನು ಮತ್ತೆ ಕಟ್ಟಲಿಲ್ಲ. ಅದರ ಮುಂದಿನ ಭಾನುವಾರ ಬೆಳಗ್ಗೆ ಕಾಂಪೌಂಡಿನ ಮೇಲಿಂದ ದನಿ ಬಂತು: “ಏನ್ರೀ, ಸ್ನಾನ ಆಯ್ತಾ? ಆಗಿಲ್ಲ ತಾನೆ? ಎಣ್ಣೆ ಹಾಕ್ಕೊಂಡು ಬನ್ನಿ, ಒಂದರ್ಧ ಗಂಟೆ ಕೂತು ಹೋಗೋರಂತೆ.” ನಮ್ಮ ಅತ್ತೆಯವರು ಹೂಬುಟ್ಟಿ ಕೆಳಗಿಟ್ಟು ಒಳಗೆ ಹೋದರು.

ರಾಯರ ಮನೆಗೆ ಹೋಗುವವರು ಯಾರಾದರೂ ಇದ್ದರೆ ಒಂದು ಮಾತು. ಹಳೇ ಬಟ್ಟೆ ಉಟ್ಟುಕೊಂಡು ಹೋಗಿ. ಪ್ಲಾಸ್ಟಿಕ್ ಕುರ್ಚಿಗಳನ್ನು ಈಗ ತಾರಸಿಗೆ ಸಾಗಿಸಿದ್ದಾರೆ.